ಪುಕ್ಕಲ ವರ್ಲಿನ್ ತೊಳೆದ ಆಕ್ಸಲ್

ನಮ್ಮ ವೆಸ್ಟರ್‌ಡಾಲ್ ಊರಿನಲ್ಲಿ ವರ್ಲಿನ್ ಟಾಲಫ್ಸನ್‌ನಷ್ಟು ಹೆದರುಪುಕ್ಕಲ ಇನ್ನೊಬ್ಬನಿರಲಿಲ್ಲ. ಬಯ್ಯಬೇಕೆಂದು ಈ ಮಾತು ಹೇಳುತ್ತಿಲ್ಲ. ಊರಿಗೆ ಊರೇ ಹೇಳುತ್ತಿತ್ತು, ಅವನೂ ಒಪ್ಪುತ್ತಿದ್ದ. ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದ ಮನುಷ್ಯ, ಒಂದು ಕೋಳಿಯ ಪುಕ್ಕಕ್ಕೂ ಪೆಟ್ಟು ಮಾಡಲಿಲ್ಲ. ರೈಲುಹಳಿ ಬಂದಲ್ಲಿ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ರೈಲಿನ ಸದ್ದಿದೆಯೇ ಎಂದು ಕಿವಿಗೊಡಬೇಕು ಅನ್ನುವುದು ಕಾನೂನು. ಮಿಕ್ಕ ಡ್ರೈವರುಗಳು ಮೂರು ಎಣಿಸಿ ಹೊರಟರೆ ಇವನು ಕಿವಿಗೊಟ್ಟು ಕೂತೇ ಇರುವನು. ಹಿಂದಿನಿಂದ ಮಕ್ಕಳು, ಟಾಲಫ್ಸನ್ ಎಂಬುದನ್ನು ಟೀ ಎಂದು ಮೊಟಕುಮಾಡಿ, "ಹೊರಡಿ ಮಿಸ್ಟರ್ ಟೀ, ರೈಲು ಇನ್ನೂ ಷಿಕಾಗೋದಲ್ಲೇ ಇದೆ!" ಎಂದು ಕೂಗುವರು. ನಿವೃತ್ತಿಯಾದ ಮೇಲೆ ಸ್ವಂತ ಪಿಕಪ್ಪಿನಲ್ಲಿ ಹೋಗುವಾಗಲೂ ಅದೇ ಕಥೆ. ಪಕ್ಕದಲ್ಲಿ ಕೂತ ಹೆಂಡತಿ ಅರ್ಡಿಸ್ ತುಟಿ ಪಿಟಕ್ಕೆನ್ನದೆ ಕಾಯುತ್ತಿದ್ದಳು. ಅವಳಿಗೆ ಅಭ್ಯಾಸವಾಗಿತ್ತು.

ಇಂಥವನಿಗೆ ಒಂದು ಹುಚ್ಚಿತ್ತು. ಅರವತ್ತರ ದಶಕದ ಗಾರ್ಡನ್ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡುವುದು. ಹಿತ್ತಲ ಹುಲ್ಲು ಕತ್ತರಿಸಲು, ಆಲೂಗಡ್ಡೆ ಮಡಿ ಉಳಲು ಮಾಡಿದ ಪುಟ್ಟ ಗಾಡಿಗಳು, ಸೊಂಟದೆತ್ತರಕ್ಕೆ ನಿಲ್ಲುವಂಥವು. ಯಾರದೋ ಕೊಟ್ಟಿಗೆಯ ಹಿಂದೆ ತುರಿಕೆಯ ಗಿಡಗಳ ನಡುವೆ ತುಕ್ಕು ತಿನ್ನುತ್ತ ಬಿದ್ದಿದ್ದನ್ನು ಎಳೆದು ತರುವನು. ಎಂಜಿನ್ನು ಕಚ್ಚಿಕೊಂಡಿದ್ದರೆ ನಮ್ಮಂಥವರು ಸುತ್ತಿಗೆ ತೆಗೆದುಕೊಂಡು ಪಿಸ್ಟನ್ನಿನ ತಲೆ ಒಡೆಯುತ್ತೇವೆ. ವರ್ಲಿನ್ ಎಣ್ಣೆ ಹುಯ್ದು, ಮೂರು ವಾರ ದಿನಕ್ಕೊಂದು ಸಲ ಮರದ ಕೊಡತಿಯಿಂದ ಮೆಲ್ಲಗೆ ತಟ್ಟುವನು, ಎಲ್ಲಿ ಒಡೆದುಹೋಗುತ್ತದೋ ಎಂಬ ಭಯದಿಂದ. ಬಿಚ್ಚಿದ ಒಂದೊಂದು ಬೋಲ್ಟಿಗೂ ಚೀಲ, ಚೀಲಕ್ಕೆ ಚೀಟಿ. ಅವನ ಕೈಯಿಂದ ಹೊರಬಂದ ಗಾಡಿ ಮೊದಲನೇ ಎಳೆತಕ್ಕೇ ಹೊತ್ತಿಕೊಳ್ಳುತ್ತಿತ್ತು. ಹೆದರಿಕೆಯಿಂದಲೂ ಒಂದು ಉಪಕಾರ ಇದೆಯೆಂದು ಆಗ ನಾವೆಲ್ಲ ಹೇಳುತ್ತಿದ್ದೆವು.

ವೆಲ್ಡಿಂಗ್ ಮಾತ್ರ ಅವನು ಮುಟ್ಟುತ್ತಿರಲಿಲ್ಲ. ಕಿಡಿ ಕಂಡರೆ ಎದೆ ಝಲ್ಲೆನ್ನುತ್ತಿತ್ತಂತೆ. ಅದಕ್ಕೆ ಮೈಲೋ ಹ್ರುಸ್ಕ ಇದ್ದ. ಅದೇ ರಸ್ತೆಯಲ್ಲಿ ಮೂರನೇ ಮನೆ. ಚೀಸ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಆಳು, ಹೆಂಡತಿ ವೆರ್ನಾ ತೀರಿಕೊಂಡಿದ್ದಳು, ಎಮ್ಮೆಯಂಥ ಮೈಕಟ್ಟು, ಗಂಟಲು ಅದಕ್ಕಿಂತ ದೊಡ್ಡದು. ಬಿಚ್ಚುವುದು, ತೊಳೆಯುವುದು, ಬಣ್ಣ ಬಳಿಯುವುದು ವರ್ಲಿನ್. ಬೆಸೆಯುವುದು ಮೈಲೋ. ಮೂವತ್ತು ವರ್ಷ ಇದೇ ಜೋಡಿ. ಮೈಲೋ ಬಾಯಲ್ಲಿ ವರ್ಲಿನ್‌ಗೆ "ಲೋ ಪುಕ್ಕಲಾ" ಅನ್ನುವುದಲ್ಲದೆ ಬೇರೆ ಹೆಸರೇ ಇರಲಿಲ್ಲ.

ನಮ್ಮ ಹಳೇ ಟ್ರ್ಯಾಕ್ಟರ್ ಸಂಘದಲ್ಲಿ ಸುರಕ್ಷತೆಯ ಉಸ್ತುವಾರಿ ಯಾರಿಗೆ ಕೊಡುವುದೆಂಬ ಪ್ರಶ್ನೆ ಬಂದಾಗ ಇಡೀ ಸಭೆ ಒಂದೇ ಕಡೆ ತಿರುಗಿ ನೋಡಿತ್ತು. ಅಂದಿನಿಂದ ಪ್ರತಿ ಏಪ್ರಿಲ್‌ನಲ್ಲಿ ಇಗರ್ಜಿಯ ನೆಲಮಾಳಿಗೆಯಲ್ಲಿ, ಕಾಫಿ ಬರುವ ಮೊದಲು, ವರ್ಲಿನ್ ಎದ್ದು ನಿಂತು ಹತ್ತೊಂಬತ್ತು ಕಲಮುಗಳ ಕಾಗದವನ್ನು ನಡುಗುವ ದನಿಯಲ್ಲಿ ಓದುತ್ತಿದ್ದ. ಯಾರು ಕೇಳುತ್ತಾರೆ? ಹಿಂದೆ ಕೂತವರು ತಿಂಡಿಯ ತಟ್ಟೆ ಎಣಿಸುತ್ತಿದ್ದರು. ಹನ್ನೊಂದನೇ ಕಲಮು ಬ್ರೇಕ್ ತೊಳೆಯುವ ಸ್ಪ್ರೇ ಬಗ್ಗೆ. ಅದರಲ್ಲಿ ಎರಡು ಜಾತಿ. ಕ್ಲೋರಿನ್ ಇರುವ ಜಾತಿಯಿಂದ ತೊಳೆದ ಕಬ್ಬಿಣ ಪೂರಾ ಒಣಗದೆ ಅದಕ್ಕೆ ವೆಲ್ಡಿಂಗಿನ ಬೆಂಕಿ ತಾಗಿದರೆ ವಿಷಗಾಳಿ ಏಳುತ್ತದೆ, ಹಿಂದೆ ಮಹಾಯುದ್ಧದಲ್ಲಿ ಕಂದಕದಲ್ಲಿದ್ದ ಸಿಪಾಯಿಗಳನ್ನು ಕೊಂದಂಥದೇ ಗಾಳಿ. ಅದಕ್ಕೇ ಸಂಘದವರು ಆ ಜಾತಿಯ ಡಬ್ಬಿಯನ್ನು ಮನೆಯಲ್ಲಿ ಇಡಲೇ ಬಾರದೆಂದು ಗೊತ್ತುಮಾಡಿದ್ದರು. ಗೊತ್ತುಮಾಡಿಸಿದ್ದೇ ವರ್ಲಿನ್.

ಆಗಸ್ಟ್ ತಿಂಗಳ ಒಂದು ಶುಕ್ರವಾರ. ಮಾರನೇ ದಿನ ಹಳೇ ಯಂತ್ರಗಳ ಮೇಳ. ಮೆರವಣಿಗೆಗೆ ಸಿದ್ಧವಾಗಿದ್ದ ಕೆಂಪು ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ವರ್ಲಿನ್ ಅದನ್ನು ಬಿಚ್ಚಿ ತೊಳೆಯತೊಡಗಿದ. ಅರ್ಧಕ್ಕೇ ಸ್ಪ್ರೇ ಮುಗಿಯಿತು. ಬೆಂಚಿನ ಕೆಳಗೆ, ಯಾರೋ ತೀರಿಕೊಂಡವರ ಮನೆಯ ಹರಾಜಿನಲ್ಲಿ ಕೊಂಡ ಪೆಟ್ಟಿಗೆಯಿತ್ತು. ಅದರಲ್ಲೊಂದು ಹಳೇ ಡಬ್ಬಿ. ನಮ್ಮ ಜನಕ್ಕೆ ಒಂದು ರೋಗವಿದೆ ನೋಡಿ, ಹಳೇದೆಲ್ಲ ಗಟ್ಟಿ, ಹೊಸದೆಲ್ಲ ನೀರು ಅನ್ನುವ ರೋಗ. ಗಾಡಿ ಹಳೇದು, ಎಣ್ಣೆ ಹಳೇದು, ತೊಳೆಯುವ ಮದ್ದೂ ಹಳೇದಿದ್ದರೆ ಒಳ್ಳೆಯದೇ ಅಂದುಕೊಳ್ಳುತ್ತೇವೆ. ಕನ್ನಡಕ ಎದೆಯ ಮೇಲೆ ದಾರದಲ್ಲಿ ನೇತಾಡುತ್ತಿತ್ತು, ಕೈಗವಸಿಗೆ ಗ್ರೀಸು ಮೆತ್ತಿತ್ತು. ಓದದೆಯೇ ಚಿಮ್ಮಿಸಿಬಿಟ್ಟ. ಆಕ್ಸಲ್ಲು ಒಳಗೆ ಟೊಳ್ಳು. ಮೇಲ್ಮೈ ಬೇಗ ಒಣಗಿತು, ಒಳಗೆ ಇಳಿದದ್ದು ಅಲ್ಲೇ ನಿಂತಿತು.

ಮಧ್ಯಾಹ್ನ ಮೈಲೋ ಬಂದು ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದ. ಮೂರು ಗಂಟೆಗೆ ಬೆಸೆದು ತಂದು ಬೆಂಚಿನ ಮೇಲಿಟ್ಟ. ಕಣ್ಣು ಕೆಂಪಾಗಿತ್ತು. ಎರಡು ಸಲ ಕೆಮ್ಮಿದ.

"ಏನೋ ಅದು ಕೆಮ್ಮು?"

"ಆಗಸ್ಟ್ ಅಲ್ವೇನೋ, ಗಿಡಗಂಟಿ ಧೂಳು. ನೀನು ಈಗ್ಲೇ ನನ್ ಹೆಣದ ಪೆಟ್ಟಿಗೆಗೆ ಅಳತೆ ತಗೊಳ್ಬೇಡ ಪುಕ್ಕಲಾ. ಬಣ್ಣ ಬಳಿ."

ಬೆಂಚಿನ ಮೇಲೆಲ್ಲ ಒಮ್ಮೆ ಕಣ್ಣಾಡಿಸಿ, ಅರ್ಡಿಸ್ ಕಾಫಿಗೆ ಕರೆದರೂ ಬೇಡವೆಂದು ಹೊರಟ.

ಶನಿವಾರ ಬೆಳಿಗ್ಗೆ ಎಂಟು ಗಂಟೆ. ಮೈಲೋ ಆರಕ್ಕೇ ತನ್ನ ಗಾಡಿಯನ್ನು ಟ್ರೇಲರಿಗೆ ಏರಿಸಿಕೊಂಡು ಮೇಳಕ್ಕೆ ಹೋಗಿಯಾಗಿತ್ತು. ಅವನಿಗೆ ಒಂಬತ್ತೂವರೆಗೆ ಭಾರ ಎಳೆಯುವ ಪಂದ್ಯ. ವರ್ಲಿನ್ ಹೊರಡುವ ಮುಂಚೆ ಬೆಂಚು ಒರೆಸುತ್ತಿದ್ದ. ಡಬ್ಬಿ ಕೈಗೆ ಬಂತು. ಈ ಸಲ ಕನ್ನಡಕ ಮೂಗಿನ ಮೇಲಿತ್ತು. ಡಬ್ಬಿಯ ಬೆನ್ನಿನ ಸಣ್ಣ ಅಕ್ಷರ ಓದಿದ. ಕ್ಲೋರಿನ್ ಎಂಬ ಪದ ಇತ್ತು. ಇನ್ನೊಮ್ಮೆ ಓದಿದ. ಇತ್ತು.

  ಹನ್ನೊಂದನೇ ಕಲಮು ತಾನೇ ಬರೆದದ್ದು, ಪೂರಾ ಬಾಯಿಪಾಠ: "ಗಾಳಿ ಕುಡಿದವನಿಗೆ ಮೊದಲು ಒಂದಿಷ್ಟು ಕೆಮ್ಮು. ಆಮೇಲೆ ಏನೂ ಆಗಿಲ್ಲವೆನ್ನಿಸುತ್ತದೆ. ಒಂದು ದಿನದೊಳಗೆ, ಕೆಲವರಿಗೆ ಎರಡು ದಿನಕ್ಕೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆರಾಮಾಗಿದ್ದೇನೆ ಎಂದರೂ ಬಿಡದೆ ಆಸ್ಪತ್ರೆಗೆ ಒಯ್ಯಬೇಕು. ಓಡಾಡಲು ಬಿಡಬಾರದು." ನಿನ್ನೆ ಬೆಸೆದದ್ದು ಎರಡೂವರೆಗೆ ಇದ್ದೀತು, ಅಲ್ಲಿಂದ ಇವತ್ತು ಎಂಟು. ಬೆರಳು ಮಡಿಸಿ ಗಂಟೆ ಎಣಿಸಿದ. ಹದಿನೇಳೂವರೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಆ ಗಳಿಗೆಯಲ್ಲಿ ಅವನಿಗೆ ಬಂದ ಮೊದಲ ಯೋಚನೆ ಒಳ್ಳೆಯದಲ್ಲ. ಡಬ್ಬಿ ಕಸದ ತಳಕ್ಕೆ ಹೋದರೆ ಯಾರಿಗೂ ತಿಳಿಯುವುದಿಲ್ಲ, ಎಪ್ಪತ್ತರ ಮುದುಕ, ಎದೆ ನಿಂತುಹೋಯಿತು ಅನ್ನುತ್ತಾರೆ, ಅಷ್ಟೇ. ಯೋಚನೆ ಬಂದದ್ದೂ ನಿಜ, ಡಬ್ಬಿ ಹಿಡಿದ ಕೈ ಕಸದ ಡ್ರಮ್ಮಿನ ಕಡೆ ಹೋದದ್ದೂ ನಿಜ. ತನ್ನ ಕೈಯನ್ನು ತಾನೇ ನೋಡಿ ಅವನಿಗೆ ಇನ್ನೂ ಹೆಚ್ಚು ಭಯವಾಯಿತು. ಡಬ್ಬಿಯನ್ನು ಎದೆಗವಚಿಕೊಂಡು ಮನೆಯೊಳಗೆ ಓಡಿದ.

"ಅರ್ಡಿಸ್! ಮೈಲೋನ ಕೊಂದ್ಬಿಟ್ಟೆ ಕಣೇ!"

ಅರ್ಡಿಸ್ ಒಲೆ ಆರಿಸಿದಳು. "ಕೂತ್ಕೊ. ಮೊದ್ಲಿಂದ ಹೇಳು."

ಹೇಳಿದ. ಅವಳೇ ವಿಷದ ಸಹಾಯವಾಣಿಗೆ ಫೋನು ಮಾಡಿದಳು. ಆ ಕಡೆಯ ಹೆಂಗಸು, ಅವನು ಎಲ್ಲೇ ಇರಲಿ, ಹೇಗೇ ಇರಲಿ, ಮಲಗಿಸಿಕೊಂಡು ಈಗಲೇ ಆಸ್ಪತ್ರೆಗೆ ತನ್ನಿ ಎಂದಳು. ಮೈಲೋನ ಮೊಬೈಲಿಗೆ ಮಾಡಿದರೆ ಸಿಗಲಿಲ್ಲ. ಮೇಳದ ಮೈದಾನ ಇರುವ ಕಣಿವೆಯಲ್ಲಿ ಯಾರ ಫೋನೂ ಹತ್ತುವುದಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಇಬ್ಬರೂ ಪಿಕಪ್ ಹತ್ತಿದರು.

ಇಪ್ಪತ್ತೆರಡು ಮೈಲಿ. ದಾರಿಯುದ್ದಕ್ಕೂ ವರ್ಲಿನ್ ಗಾಡಿಯ ವೇಗದ ಮುಳ್ಳಿಗೆ ಬಯ್ಯುತ್ತಿದ್ದ. ಕಾಲು ಒತ್ತುತ್ತಲೂ ಇರಲಿಲ್ಲ, ಮುಳ್ಳು ಏರುತ್ತಲೂ ಇರಲಿಲ್ಲ. ರೈಲುಹಳಿ ಬಂತು. ಗಾಡಿ ನಿಂತಿತು. ಅವನು ಗಾಜು ಇಳಿಸಿದ.

"ಹೋಗು ವರ್ಲಿನ್!"

"ಕಾಲು ಏಳ್ತಿಲ್ಲ ಅರ್ಡಿಸ್."

"ದೇವ್ರಾಣೆ ರೈಲಿಲ್ಲ, ಎರಡೂ ಕಡೆ ನೋಡ್ದೆ ನಾನು!"

"ಗೊತ್ತು. ನಂಗೂ ಗೊತ್ತು. ಏಳ್ತಿಲ್ಲ."

ಅವಳು ಬಗ್ಗಿ ಅವನ ಕಾಲನ್ನು ಬ್ರೇಕಿನಿಂದ ಎತ್ತಿ ಆಕ್ಸಲರೇಟರಿನ ಮೇಲಿಟ್ಟು, ಮೊಣಕಾಲನ್ನು ಎರಡೂ ಕೈಯಿಂದ ಕೆಳಗೆ ಒತ್ತಿದಳು. ಗಾಡಿ ನೆಗೆದು ಹಳಿ ದಾಟಿತು. ಅವನು ಮಗುವಿನ ಹಾಗೆ ಅಳುತ್ತಿದ್ದ.

ಮೈದಾನದಲ್ಲಿ ಎಂದಿನ ಗಲಾಟೆ. ಹೊಗೆ, ಸಾಸೇಜಿನ ವಾಸನೆ, ಮೈಕಿನ ಅರಚಾಟ. ಪಂದ್ಯದ ಸಾಲಿನಲ್ಲಿ ಮೂರನೆಯವನಾಗಿ ಮೈಲೋ ತನ್ನ ಗಾಡಿಯ ಮೇಲೆ ಕೂತು ಯಾರಿಗೋ ಜೋಕು ಹೇಳಿ ನಗುತ್ತಿದ್ದ. ಅವನು ನಗುವುದನ್ನು ಕಂಡು ವರ್ಲಿನ್‌ಗೆ ಸಮಾಧಾನವಾಗಲಿಲ್ಲ. ನಗುತ್ತಲೇ ಸಾಯುವಂಥ ವಿಷ ಅದು.

"ಮೈಲೋ, ಇಳಿ. ಮೆಲ್ಲಗೆ ಇಳಿ. ಆಸ್ಪತ್ರೆಗೆ ಹೋಗ್ಬೇಕು."

"ಯಾಕೆ, ನಿಂಗೇನಾಯ್ತು? ಮುಖ ಸುಣ್ಣ ಬಳಿದ ಹಾಗಿದೆ."

"ನಂಗಲ್ಲ. ನಿಂಗೆ. ನಿನ್ನೆ ಆ ಆಕ್ಸಲ್ ತೊಳ್ದಿದ್ದು..." ಸುತ್ತ ಎಂಟು ಹತ್ತು ಜನ ಸಂಘದವರೇ ನಿಂತಿದ್ದರು. ವರ್ಲಿನ್ ಅವರೆದುರೇ ಹೇಳಿದ. "ಹಳೇ ಡಬ್ಬೀಲಿ ತೊಳ್ದೆ. ಕ್ಲೋರಿನ್ ಇದ್ದದ್ದು. ಓದ್ಲಿಲ್ಲ. ನಂದೇ ತಪ್ಪು."

 ಹಿಂದಿನಿಂದ ಯಾವನೋ, "ಹನ್ನೊಂದನೇ ಕಲಂ ಅಲ್ವಾ ಅದು!" ಎಂದ. ಗುಂಪು ಘೊಳ್ಳೆಂದು ನಕ್ಕಿತು. ನಗುವವರಿಗೇನು, ವಿಷ ಕುಡಿದವನು ಎದುರಿಗೆ ಗುಂಡುಕಲ್ಲಿನ ಹಾಗೆ ಕೂತಿದ್ದ.

ಮೈಲೋ ಮಾತ್ರ ನಗಲಿಲ್ಲ. "ಏನೂ ಆಗಿಲ್ಲ ನಂಗೆ. ಆಸ್ಪತ್ರೆ ಗೀಸ್ಪತ್ರೆ ಮಾತಾಡ್ಬೇಡ. ನನ್ ವೆರ್ನಾ ಅಲ್ಲಿಗೆ ಕಾಲಲ್ಲಿ ನಡ್ಕೊಂಡು ಹೋದ್ಲು, ಬಂದದ್ದು ಹೇಗೆ ಅಂತ ನೀನೂ ನೋಡಿದೀಯ. ಪಂದ್ಯ ಮುಗೀಲಿ, ಆಮೇಲೆ ನೋಡೋಣ."

"ಆಮೇಲೆ ಅನ್ನೋದು ಇಲ್ಲ ಮೈಲೋ!"

"ದೂರ ಸರಿಯೋ ಪುಕ್ಕಲಾ, ನನ್ ಸರದಿ ಬಂತು."

ನಮ್ಮಲ್ಲಿ ಇನ್ನೊಬ್ಬನ ಹೆಂಡತಿಗೆ ಕಣ್ಣು ಹೊಡೆದರೂ ಎರಡು ಬೈಗುಳದಲ್ಲಿ ಮುಗಿಯಬಹುದು, ಆದರೆ ಕೇಳದೆ ಇನ್ನೊಬ್ಬನ ಗಾಡಿಗೆ ಕೈ ಹಾಕಿದರೆ ಸ್ನೇಹ ಅಲ್ಲಿಗೆ ಮುಗಿಯಿತು. ವರ್ಲಿನ್ ಬಗ್ಗಿ, ಮೈಲೋನ ಎಂಜಿನ್ನಿನಿಂದ ಸ್ಪಾರ್ಕ್ ಪ್ಲಗ್ಗಿನ ವೈರನ್ನು ಬುಡಸಮೇತ ಕಿತ್ತ. ಎಂಜಿನ್ನು ಬಿಕ್ಕಳಿಸಿ ನಿಂತಿತು.  ಮರುಕ್ಷಣ ಮೈಲೋ, "ನಿನ್ನ..." ಎಂದು ಗರ್ಜಿಸಿ ಸೀಟಿನಿಂದ ಧುಮುಕಿದ.

ಇಲ್ಲಿ ವರ್ಲಿನ್ ನಿಲ್ಲಬೇಕಿತ್ತು. ನಿಂತು ಎರಡು ಏಟು ತಿಂದಿದ್ದರೆ ಆಗುತ್ತಿತ್ತು. ಆದರೆ ಆ ದೊಡ್ಡ ದೇಹ ಮೈಮೇಲೆ ಬರುವುದನ್ನು ಕಂಡು, ಹುಟ್ಟಿದಾಗಿನಿಂದ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ ವರ್ಲಿನ್. ಓಡಿದ. ವೈರು ಹಿಡಿದುಕೊಂಡು ಹುಲ್ಲಿನ ಮೇಲೆ ಅವನು ಮುಂದೆ, ಬಯ್ಯುತ್ತ ಮೈಲೋ ಹಿಂದೆ. ಜನ ಚಪ್ಪಾಳೆ ತಟ್ಟಿದರು. ಮೂವತ್ತು ಹೆಜ್ಜೆ ಆಗಿರಬಹುದು, ಬೈಗುಳ ನಿಂತು ಕೆಮ್ಮು ಕೇಳಿಸಿತು. ನಿನ್ನೆಯ ಕೆಮ್ಮಲ್ಲ. ನೀರಿನೊಳಗಿನಿಂದ ಬರುವ ಕೆಮ್ಮು.

ಓಡಾಡಲು ಬಿಡಬಾರದು. ತಾನೇ ಬರೆದದ್ದು. ತಾನೇ ಓಡಿಸಿದ್ದು.

ಅವನು ತಿರುಗಿ ಬರುವಷ್ಟರಲ್ಲಿ ಮೈಲೋ ಮೊಣಕಾಲೂರಿ ಕೂತಿದ್ದ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು, ಬಾಯಂಚಿನಲ್ಲಿ ಗುಲಾಬಿ ನೊರೆ. "ಉಸಿರು... ಬರ್ತಿಲ್ಲ..." ಎಂದ. ಗೇಟಿನ ಹತ್ತಿರ ಅಗ್ನಿಶಾಮಕದ ಸ್ವಯಂಸೇವಕರ ಆಂಬುಲೆನ್ಸ್ ನಿಂತಿತ್ತು. ಎರಡು ನಿಮಿಷದಲ್ಲಿ ಬಂತು. ಆ ಎರಡು ನಿಮಿಷ ವರ್ಲಿನ್ ಅವನನ್ನು ಬೆನ್ನ ಹಿಂದಿನಿಂದ ತಬ್ಬಿ ಕೂರಿಸಿಕೊಂಡಿದ್ದ. ಆ ದೊಡ್ಡ ಎದೆಯ ಒಳಗೆ ಗೊರಗೊರ ಎನ್ನುವುದು ಅವನ ತೋಳಿಗೇ ತಿಳಿಯುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊರಗೆ ಬಂದು, ಏನು ಕುಡಿದದ್ದು, ಯಾವಾಗ, ಎಷ್ಟು ಹೊತ್ತು ಎಂದು ಕೇಳಿದಳು. ವರ್ಲಿನ್ ಚೀಲದಿಂದ ಡಬ್ಬಿ ತೆಗೆದು ಕೊಟ್ಟ. "ನಾನೇ ಡಾಕ್ಟ್ರೇ. ನಾನೇ ತೊಳ್ದದ್ದು."

"ಇದನ್ನ ತಂದದ್ದು ಒಳ್ಳೇದಾಯ್ತು" ಎಂದಳು ಅವಳು. "ದಾರೀಲಿ ಅವ್ರು ಒಬ್ರೇ ಇದ್ದಾಗ ಹೀಗಾಗಿದ್ರೆ ಉಳೀತಿರ್ಲಿಲ್ಲ. ಈಗ್ಲೂ ಎರಡು ದಿನ ಏನೂ ಹೇಳೋಕಾಗಲ್ಲ."

ಆ ಎರಡು ದಿನ ವರ್ಲಿನ್ ಮನೆಗೆ ಹೋಗಲಿಲ್ಲ. ಮೈಲೋನ ಉಸಿರನ್ನು ಯಂತ್ರ ಎಳೆಯುತ್ತಿತ್ತು. ಯಂತ್ರಗಳ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆಯೆಂದು ಹೇಳಬಲ್ಲ ಮನುಷ್ಯ, ಆ ಯಂತ್ರ ಒಂದು ಕ್ಷಣ ತಡೆದರೆ ಸಾಕು ಕುರ್ಚಿಯಿಂದ ಏಳುತ್ತಿದ್ದ. ಅರ್ಡಿಸ್ ತಂದ ಊಟ ಹಾಗೇ ತಣ್ಣಗಾಗುತ್ತಿತ್ತು. ಪ್ರಾರ್ಥನೆ ಮಾಡಲು ಹೋದರೆ ನಾಲಿಗೆಗೆ ಹನ್ನೊಂದನೇ ಕಲಮೇ ಬರುತ್ತಿತ್ತು. ಸೋಮವಾರ ಬೆಳಿಗ್ಗೆ ಗಂಟಲಿನ ನಳಿಕೆ ತೆಗೆದು ಮಾಸ್ಕ್ ಹಾಕಿದರು. ಬದುಕುತ್ತಾನೆ ಎಂದಳು ಡಾಕ್ಟರಮ್ಮ. ಮೊದಲಿನಷ್ಟು ಉಸಿರು ಮಾತ್ರ ಇನ್ನು ಇರಲಾರದು, ವೆಲ್ಡಿಂಗಿನ ಹೊಗೆಯ ಹತ್ತಿರ ಹೋಗಲೇ ಕೂಡದು.

ವರ್ಲಿನ್ ಒಳಗೆ ಹೋಗಿ ಮಂಚದ ಪಕ್ಕ ನಿಂತ. "ಮೈಲೋ, ನಾನು ಓದ್ಲಿಲ್ಲ ಕಣೋ. ಕನ್ನಡಕ ಎದೆ ಮೇಲೇ ಇತ್ತು..."

ಮೈಲೋ ಮಾಸ್ಕನ್ನು ಕೊಂಚ ಸರಿಸಿದ. ದನಿ ಗರಗಸದ ಹಾಗೆ ಕೊರೆಯುತ್ತಿತ್ತು. "ಗೊತ್ತಿತ್ತು."

"ಏನು ಗೊತ್ತಿತ್ತು?"

"ಬೆಸೀವಾಗ್ಲೇ ವಾಸನೆ ಬಂತು. ಮುಗ್ಗಿದ ಹುಲ್ಲಿನ ವಾಸನೆ. ಬಿಟ್ಟು ಹೊರಗೆ ಓಡ್ದೆ... ಒಣಗಿದ್ಮೇಲೆ ಬೆಸ್ದೆ. ಮೂವತ್ತು ವರ್ಷ ನಿನ್ ಹನ್ನೊಂದನೇ ಕಲಂ ಕೇಳಿದೀನಲ್ಲೋ. ನಿನ್ ಬೆಂಚ್ ಮೇಲೆ ಡಬ್ಬೀನೂ ನೋಡ್ದೆ."

 "ಅಲ್ಲೇ ಹೇಳ್ಬಾರ್ದಿತ್ತಾ? ಶುಕ್ರವಾರಾನೇ ಬಂದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ! ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೆದರಿ ಸಾಯ್ತಿದ್ದೆ." ಮೈಲೋ ಉಸಿರಿಗೆ ಕಾದು ಮತ್ತೆ ಅಂದ, "ಒಂದೇ ಗುಟುಕು ಕುಡ್ದದ್ದು, ಏನಾಗಲ್ಲ ಅಂದ್ಕೊಂಡೆ. ನಿಂಗೆ ಹೇಳಿ ಯಾಕೆ ಗೋಳು ಅಂತ."

ತಮಾಷೆಗೆ ಅಂದ ಮಾತಲ್ಲ ಅದು. ಮುದ್ದಿನಿಂದ ಅಂದದ್ದು. ಅದಕ್ಕೇ ವರ್ಲಿನ್‌ಗೆ ಸಹಿಸಲಾಗಲಿಲ್ಲ. ಡಬ್ಬಿ ಅರ್ಧ ಕೊಂದಿತ್ತು, ಮಿಕ್ಕರ್ಧ ತನ್ನ ಪುಕ್ಕಲುತನ ಕೊಲ್ಲಹೊರಟಿತ್ತು. ಮೈಲೋನ ಕೈಯನ್ನು ಒಮ್ಮೆ ಒತ್ತಿ ಹೊರಗೆ ಬಂದ.

ಪಡಸಾಲೆಯ ಕುರ್ಚಿಯಲ್ಲಿ ಅರ್ಡಿಸ್ ಕೂತಿದ್ದಳು. ಅವಳ ಎದುರಿಗೆ ಕೂತು ಎಲ್ಲ ಹೇಳಿದ. ಅವಳು ತಲೆದೂಗಿದಳು, ಅಷ್ಟೇ. ಆಶ್ಚರ್ಯಪಡಲಿಲ್ಲ. ಅವಳು ಆಶ್ಚರ್ಯಪಡದೇ ಇದ್ದದ್ದು ಅವನ ಕಣ್ಣಿಗೆ ಬಿತ್ತು. 

"ಅರ್ಡಿಸ್, ನೀನೂ ನನ್ ಹತ್ರ ಏನಾದ್ರೂ ಮುಚ್ಚಿಟ್ಟಿದೀಯಾ?"

"ಮನೆಗೆ ಹೋಗೋಣ ನಡಿ. ಸ್ನಾನ ಮಾಡಿ ಎರಡು ತುತ್ತು ತಿನ್ನು."

"ಅರ್ಡಿಸ್."

"ಸುಮ್ನೆ ಯಾಕೆ ಈಗ? ಎಲ್ಲ ಸರಿಹೋಗಿದೆ. ಹೇಳಿದ್ರೆ ನೀನು..." ಎಂದು ಅಲ್ಲಿಗೇ ತಡೆದಳು.

"ಹೆದರ್ತೀನಿ" ಎಂದ ವರ್ಲಿನ್.  "ಹೆದರೇ ಹೆದರ್ತೀನಿ. ಆದ್ರೂ ಹೇಳು."

 ಅವಳು ಚೀಲವನ್ನು ತೊಡೆಯಿಂದ ಇಳಿಸಿ ಪಕ್ಕದ ಕುರ್ಚಿಯ ಮೇಲಿಟ್ಟಳು. "ಮಾರ್ಚಲ್ಲಿ ತಂಗಿ ಮನೆಗೆ ಅಂತ ಹೋಗಿದ್ನಲ್ಲ, ಅಲ್ಲಿ ಎದೆನೋವು ಬಂತು. ಹೃದಯದ ರಕ್ತನಾಳಕ್ಕೆ ಒಂದು ಸಣ್ಣ ನಳಿಕೆ ಹಾಕಿದಾರೆ, ಮಣಿಕಟ್ಟಿನ ಕಡೆಯಿಂದ. ಮಾತ್ರೆ ಹಿಟ್ಟಿನ ಡಬ್ಬಿ ಹಿಂದೆ ಇಡ್ತೀನಿ. ಇನ್ನೊಂದು ನಳಿಕೆ ಹಾಕ್ಬೇಕಂತೆ, ಮುಂದಿನ ತಿಂಗಳು. ಆಗ ಯಾವ ಸುಳ್ಳು ಹೇಳೋದು ಅಂತ ಯೋಚ್ನೆ ಮಾಡ್ತಾ ಕೂತಿದ್ದೆ."

ವರ್ಲಿನ್‌ನ ಮೈಯೆಲ್ಲ ನಡುಗತೊಡಗಿತು. ಅವಳ ಮಣಿಕಟ್ಟನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ನಡುಕಕ್ಕೆ ಅವಳ ಕೈಯೂ ನಡುಗಿತು.

"ಯಾವ ತಾರೀಕು?" ಎಂದು ಕೇಳಿದ.